ಹಳೆಯ ಯೆಜ್ಡಿಯಲ್ಲಿ ಕಿಡಿ ಬಾರದಿದ್ದರೆ: ದೋಷವನ್ನು ಹುಡುಕುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಜಾವಾ ಮೋಟಾರ್‌ಸೈಕಲ್‌ಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಅವನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಮುಂದುವರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಉಳಿದಿವೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ 250 ಸಿಸಿ ಗಾಡಿಯೊಂದು ಒಂದು ಬೆಳಿಗ್ಗೆ ಎಷ್ಟು ಕಿಕ್ ಹೊಡೆದರೂ ಹೊತ್ತಿಕೊಳ್ಳದಿದ್ದಾಗ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಪ್ಲಗ್ ಬದಲಾಯಿಸುತ್ತಾರೆ, ಆಗದಿದ್ದರೆ ಕಂಡೆನ್ಸರ್, ಅದೂ ಆಗದಿದ್ದರೆ ಕಾಯಿಲ್. ಹೀಗೆ ಮೂವತ್ತು ವರ್ಷ ದುಡಿದ ಒಳ್ಳೆಯ ಕಾಯಿಲ್ ಗುಜರಿ ಸೇರಿ, ಮೂರು ತಿಂಗಳೂ ಬಾಳದ ಹೊಸದೊಂದು ಅದರ ಜಾಗದಲ್ಲಿ ಕೂರುತ್ತದೆ. ದೋಷವಾದರೋ ಬಹುಪಾಲು ಸಂದರ್ಭಗಳಲ್ಲಿ ಕೊಳೆಯಾದ ಪಾಯಿಂಟ್‌ನಲ್ಲೋ ಸಡಿಲವಾದ ತಂತಿಯಲ್ಲೋ ಇರುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಖರೀದಿ. ಪರೀಕ್ಷೆಗೆ ಬೇಕಾಗುವ ಸಲಕರಣೆಯೂ ಹೆಚ್ಚೇನಿಲ್ಲ: 6 ವೋಲ್ಟಿನ ಒಂದು ಸಣ್ಣ ಬಲ್ಬು, ಎರಡು ತುಂಡು ತಂತಿ, ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಫೀಲರ್ ಗೇಜ್.

ಕಿಡಿ ಹುಟ್ಟುವ ಬಗೆ

ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಮಕ್ಕಳು ಓದುವ ವಿದ್ಯುತ್ಕಾಂತೀಯ ಪ್ರೇರಣೆಯೇ ಇಲ್ಲಿ ಕೆಲಸ ಮಾಡುತ್ತದೆ. ಕಾಯಿಲ್‌ನೊಳಗೆ ಮೆದುಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ. ದಪ್ಪ ತಂತಿಯ ಕೆಲವೇ ನೂರು ಸುತ್ತುಗಳದ್ದು ಪ್ರಾಥಮಿಕ ಸುರುಳಿ. ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತುಗಳದ್ದು ದ್ವಿತೀಯಕ ಸುರುಳಿ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸ್ವಿಚ್ಚನ್ನು ದಾಟಿ, ಪ್ರಾಥಮಿಕ ಸುರುಳಿಯಲ್ಲಿ ಹರಿದು, ಮುಚ್ಚಿಕೊಂಡಿರುವ ಪಾಯಿಂಟ್‌ಗಳ ಮೂಲಕ ಗಾಡಿಯ ಮೈಗೆ, ಎಂದರೆ ಮೆಕ್ಯಾನಿಕರು ‘ಅರ್ತ್’ ಎನ್ನುವ ಭೂಸಂಪರ್ಕಕ್ಕೆ ಸೇರುತ್ತದೆ. ಆಗ ತಿರುಳಿನಲ್ಲಿ ಕಾಂತಕ್ಷೇತ್ರ ಬೆಳೆಯುತ್ತದೆ. ಕ್ರ್ಯಾಂಕಿನ ತುದಿಯಲ್ಲಿರುವ ಕ್ಯಾಮ್ ಪಾಯಿಂಟ್‌ಗಳನ್ನು ತೆರೆದ ಗಳಿಗೆಯಲ್ಲಿ ಆ ಕ್ಷೇತ್ರ ಥಟ್ಟನೆ ಕುಸಿದು, ದ್ವಿತೀಯಕ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಹುಟ್ಟಿ, ಅದು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಟು-ಸ್ಟ್ರೋಕ್ ಎಂಜಿನ್ನಾದ್ದರಿಂದ ಪ್ರತಿ ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ 4000 ಸುತ್ತು ತಿರುಗುವಾಗ ಪಾಯಿಂಟ್‌ಗಳು ಸೆಕೆಂಡಿಗೆ ಅರವತ್ತಕ್ಕೂ ಹೆಚ್ಚು ಬಾರಿ ತೆರೆದು ಮುಚ್ಚುತ್ತವೆ. ಅವು ಸವೆಯುವುದರಲ್ಲಿ ಆಶ್ಚರ್ಯವೇನಿಲ್ಲ.

ಕುಸಿತ ಎಷ್ಟು ಥಟ್ಟನೆ ಆಗುತ್ತದೆಯೋ ಕಿಡಿ ಅಷ್ಟು ಬಲವಾಗಿರುತ್ತದೆ. ಪಾಯಿಂಟ್ ತೆರೆಯುವಾಗ ವಿದ್ಯುತ್ತು ಆ ಸಂದನ್ನೇ ಹಾರಿ ಹರಿಯಲು ನೋಡುತ್ತದೆ. ಅದನ್ನು ಕ್ಷಣಕಾಲ ತನ್ನೊಳಗೆ ಹೀರಿಕೊಂಡು ಪ್ರವಾಹವನ್ನು ಚೊಕ್ಕಟವಾಗಿ ಕಡಿಯುವುದು ಕಂಡೆನ್ಸರಿನ ಕೆಲಸ.

ಮೊದಲು ಬ್ಯಾಟರಿ, ಆಮೇಲೆ ಪ್ಲಗ್

ಈ ಗಾಡಿಗೆ ಬ್ಯಾಟರಿಯೇ ಪ್ರಾಣ. ಚಾರ್ಜ್ ಆಗಿರುವ 6 ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ 6.3 ವೋಲ್ಟಿನಷ್ಟು ತೋರಬೇಕು. 6ಕ್ಕಿಂತ ಇಳಿದಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪಿಸುತ್ತವೆ. ಮೀಟರ್ ಇಲ್ಲದವರು ಹಾರನ್ನಿನ ದನಿಯನ್ನು ನಂಬಬಹುದು. 6 ವೋಲ್ಟಿನ ಗಾಡಿಯಲ್ಲಿ ತುಕ್ಕು ಹಿಡಿದ ಒಂದು ಜೋಡಣೆ ಅರ್ಧ ವೋಲ್ಟನ್ನು ನುಂಗಿದರೂ ನಷ್ಟ ದೊಡ್ಡದೇ. ಆದ್ದರಿಂದ ಬ್ಯಾಟರಿಯ ತುದಿಗಳು, ಫ್ಯೂಸು ಮತ್ತು ಚಾಸಿಗೆ ಅರ್ತ್ ಸೇರುವ ಬೋಲ್ಟು, ಈ ಮೂರನ್ನೂ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಗೊಳಿಸಿ.

ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ ಎಂದರ್ಥ. ಕಪ್ಪಾಗಿ ಎಣ್ಣೆಯಿಂದ ತೊಯ್ದಿದ್ದರೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆ ಹೆಚ್ಚಾಗಿರಬಹುದು, ಅಥವಾ ಕಿಡಿ ಬಾರದೆ ಪೆಟ್ರೋಲು ಸುಮ್ಮನೆ ಸೇರಿಕೊಂಡಿರಬಹುದು. ಎರಡು ತುದಿಗಳ ನಡುವೆ ಇಂಗಾಲದ ಸಣ್ಣ ಎಳೆಯೊಂದು ಸೇತುವೆ ಕಟ್ಟಿರುವುದು ಟು-ಸ್ಟ್ರೋಕ್ ಗಾಡಿಗಳಲ್ಲಿ ಬಹು ಸಾಮಾನ್ಯ. ಅದನ್ನು ಸೂಜಿಯಿಂದ ಕೆದಕಿದರೆ ಸಾಕು, ಗಾಡಿ ಹೊರಡುತ್ತದೆ. ಪ್ಲಗ್ಗಿನ ಸಂದು ಸುಮಾರು 0.6 ಮಿಲಿಮೀಟರ್ ಇರಲಿ.

ಕಿಡಿ ಪರೀಕ್ಷಿಸುವ ಮುನ್ನ ಎಚ್ಚರಿಕೆಯ ಮಾತುಗಳಿವೆ. ಪೆಟ್ರೋಲ್ ಕಾಕ್ ಮುಚ್ಚಿ, ಗೇರನ್ನು ನ್ಯೂಟ್ರಲಿಗೆ ತನ್ನಿ. ಯೆಜ್ಡಿಯಲ್ಲಿ ಗೇರಿನ ಲಿವರೇ ಕಿಕ್ಕರ್ ಕೂಡ ಆಗಿರುವುದರಿಂದ ಇದನ್ನು ಮರೆಯುವುದು ಸುಲಭ. ಪ್ಲಗ್ ಬಿಚ್ಚಿದ ತೂತಿನಿಂದ ಕಿಕ್ ಹೊಡೆದಾಗ ಪೆಟ್ರೋಲಿನ ಆವಿ ಚಿಮ್ಮುತ್ತದೆ; ಸ್ವಿಚ್ ಆಫ್ ಮಾಡಿ ಹತ್ತು ಬಾರಿ ಕಿಕ್ ಹೊಡೆದು ಅದನ್ನು ಹೊರಹಾಕಿ, ತೂತಿಗೆ ಬಟ್ಟೆ ತುರುಕಿ, ಪ್ಲಗ್ಗನ್ನು ಅಲ್ಲಿಂದ ದೂರವಿಡಿ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಈ ಪರೀಕ್ಷೆಗೆ ಕೈಹಾಕಬಾರದು.

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ಒತ್ತಿ ಇರಿಸಿ, ಸ್ವಿಚ್ ಹಾಕಿ ಕಿಕ್ ಹೊಡೆಯಿರಿ. ನೀಲಿ ಬಣ್ಣದ, ಚಟ್ ಎಂದು ಕೇಳಿಸುವ ಕಿಡಿ ಒಳ್ಳೆಯದು. ಹಳದಿ-ಕೆಂಪು ಕಿಡಿ ದುರ್ಬಲ. ಆದರೆ ಬಯಲಿನಲ್ಲಿ ಹಾರಿದ ಕಿಡಿ ಸಿಲಿಂಡರಿನೊಳಗಿನ ಒತ್ತಡದಲ್ಲೂ ಹಾರುತ್ತದೆ ಎಂಬ ಖಾತ್ರಿಯಿಲ್ಲ. ಅದಕ್ಕಾಗಿ ಕ್ಯಾಪನ್ನು ತಿರುಗಿಸಿ ಕಳಚಿ, ದಪ್ಪ ತಂತಿಯ ತುದಿಯನ್ನು ಒಣ ಕಟ್ಟಿಗೆಗೆ ಕಟ್ಟಿ ಹಿಡಿದು, ಸಿಲಿಂಡರಿನಿಂದ ಐದಾರು ಮಿಲಿಮೀಟರ್ ದೂರದಲ್ಲಿರಿಸಿ ನೋಡಬೇಕು. ಅಷ್ಟು ದೂರವನ್ನು ಕಿಡಿ ಹಾರಿದರೆ ಕಾಯಿಲ್ ಆರೋಗ್ಯವಾಗಿದೆ. ದೋಷ ಕ್ಯಾಪಿನಲ್ಲಿ ಅಥವಾ ಪ್ಲಗ್ಗಿನಲ್ಲಿ. ತಂತಿಯ ತುದಿಯನ್ನು ಎಲ್ಲಿಗೂ ತಾಗದಂತೆ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯಬಾರದು; ದಾರಿ ಸಿಗದ ಒತ್ತಡ ಕಾಯಿಲಿನೊಳಗಿನ ಅವಾಹಕವನ್ನೇ ಸೀಳಬಹುದು.

ಬಲ್ಬಿನ ಪರೀಕ್ಷೆ

ಕಿಡಿ ಇಲ್ಲವೆಂದಾದರೆ ಬಲಬದಿಯ ಮುಚ್ಚಳ ಬಿಚ್ಚಿ. ಡೈನಮೋ ಮತ್ತು ಪಾಯಿಂಟ್ ಅಲ್ಲೇ ಇವೆ. ಬಲ್ಬಿನ ಒಂದು ತಂತಿಯನ್ನು ಪಾಯಿಂಟಿಗೆ ಬರುವ ತಂತಿಯ ಸ್ಕ್ರೂವಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ತಾಗಿಸಿ, ಸ್ವಿಚ್ ಹಾಕಿ, ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬು ಉರಿಯಬೇಕು, ಮುಚ್ಚಿದಾಗ ಆರಬೇಕು. ಹಾಗಾದರೆ ಪ್ರಾಥಮಿಕ ಸುರುಳಿಯವರೆಗಿನ ದಾರಿಯೆಲ್ಲ ಸರಿಯಾಗಿದೆ.

ಬಲ್ಬು ಆರದೆ ಸದಾ ಉರಿಯುತ್ತಿದ್ದರೆ ಪಾಯಿಂಟ್ ಮುಚ್ಚಿಕೊಳ್ಳುತ್ತಿಲ್ಲ, ಇಲ್ಲವೆ ಮುಚ್ಚಿದರೂ ನಡುವೆ ಎಣ್ಣೆ-ಕೊಳೆ ಕೂತಿದೆ. ಒಮ್ಮೆಯೂ ಉರಿಯದಿದ್ದರೆ ಎರಡು ಸಾಧ್ಯತೆಗಳು. ಪಾಯಿಂಟಿನ ತಂತಿಯನ್ನು ಸ್ಕ್ರೂವಿನಿಂದ ಬಿಡಿಸಿ, ಬಲ್ಬನ್ನು ಆ ತಂತಿಯ ತುದಿಗೆ ತಾಗಿಸಿ. ಈಗ ಉರಿದರೆ ವಿದ್ಯುತ್ತು ಇಲ್ಲಿಯವರೆಗೆ ಬರುತ್ತಿದೆ, ಆದರೆ ಪಾಯಿಂಟಿನ ಜಾಗದಲ್ಲಿ ಅರ್ತ್ ಆಗುತ್ತಿದೆ: ಸ್ಕ್ರೂವಿನ ಅವಾಹಕ ವಾಷರು ಬಿದ್ದುಹೋಗಿದೆ, ಅಥವಾ ಕಂಡೆನ್ಸರ್ ಒಳಗೇ ಶಾರ್ಟ್ ಆಗಿದೆ. ಈಗಲೂ ಉರಿಯದಿದ್ದರೆ ದೋಷ ಹಿಂದಿದೆ. ಬಲ್ಬನ್ನು ಹಿಡಿದುಕೊಂಡು ಕಾಯಿಲಿನ ಈ ತುದಿ, ಆ ತುದಿ, ಸ್ವಿಚ್ಚು, ಫ್ಯೂಸು ಎಂದು ಹಿಂದಕ್ಕೆ ನಡೆಯುತ್ತ ಹೋಗಿ. ಬಲ್ಬು ಮೊದಲ ಬಾರಿ ಉರಿದ ಜಾಗಕ್ಕೂ ಅದರ ಹಿಂದೆ ನೋಡಿದ ಜಾಗಕ್ಕೂ ನಡುವೆಯೇ ಕಳ್ಳನಿದ್ದಾನೆ. ಹಳೆಯ ಗಾಡಿಗಳಲ್ಲಿ ಬಹಳ ಸಲ ಅವನು ಸಿಕ್ಕುವುದು ಸ್ವಿಚ್ಚಿನೊಳಗೆ. ಮಗ ಬಲ್ಬು ಹಿಡಿದು ಮಗಳು ಎಂಜಿನ್ ತಿರುಗಿಸಿದರೆ ಪಾಠಪುಸ್ತಕದ ವಿದ್ಯುನ್ಮಂಡಲವನ್ನು ಇಬ್ಬರೂ ಮತ್ತೆ ಮರೆಯಲಾರರು.

ಸ್ವಿಚ್ ಹಾಕಿ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಗಾಡಿಯನ್ನು ಬಹಳ ಹೊತ್ತು ಬಿಡಬೇಡಿ. ಕಾಯಿಲ್ ಕಾದು ಕೆಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ.

ಪಾಯಿಂಟ್ ಮತ್ತು ಕಂಡೆನ್ಸರ್

ಸವೆದ ಪಾಯಿಂಟಿನಲ್ಲಿ ಒಂದು ಬದಿ ಗುಳಿ, ಇನ್ನೊಂದು ಬದಿ ಮೊನೆ ಎದ್ದಿರುತ್ತದೆ. ನಯವಾದ ಚಪ್ಪಟೆ ಅರದಿಂದ ಮೊನೆಯನ್ನು ತೆಗೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೊನೆಗೆ ಒಣಗಿದ ಗಟ್ಟಿ ಕಾಗದವೊಂದನ್ನು ನಡುವೆ ಸಿಕ್ಕಿಸಿ ಎಳೆಯಿರಿ. ಎಮರಿ ಕಾಗದ ಬೇಡ. ಅದರ ಹರಳುಗಳು ಲೋಹದಲ್ಲಿ ಹೂತು ಸಂಪರ್ಕವನ್ನು ಕೆಡಿಸುತ್ತವೆ. ಆಮೇಲೆ ಪಾಯಿಂಟ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಸಂದನ್ನು 0.4 ಮಿಲಿಮೀಟರಿಗೆ ಹೊಂದಿಸಿ. ಈ ಸಂದು ಟೈಮಿಂಗಿಗೂ ಸಂಬಂಧಿಸಿದ್ದು: ಹೆಚ್ಚಾದರೆ ಕಿಡಿ ಬೇಗ, ಕಡಿಮೆಯಾದರೆ ತಡ. ಕ್ಯಾಮಿಗೆ ಒರೆಯುವ ಹಿಮ್ಮಡಿ ಸವೆದಂತೆ ಸಂದು ತಾನಾಗಿಯೇ ಕಿರಿದಾಗಿ, ಗಾಡಿ ಏರುದಾರಿಯಲ್ಲಿ ಸೊರಗುತ್ತದೆ. ಹಿಮ್ಮಡಿ ತಾಗುವಲ್ಲಿ ಒಂದು ಚುಕ್ಕೆ ಗ್ರೀಸ್ ಸಾಕು. ಒರೆಸಿದಷ್ಟೂ ಪಾಯಿಂಟಿಗೆ ಮತ್ತೆ ಎಣ್ಣೆ ಬರುತ್ತಿದ್ದರೆ ಕ್ರ್ಯಾಂಕಿನ ಬಲಬದಿಯ ಸೀಲು ಹೋಗಿದೆ. ಅದನ್ನು ಬದಲಾಯಿಸುವವರೆಗೆ ಪಾಯಿಂಟ್ ಎಷ್ಟು ಹೊಸದಾದರೂ ಪ್ರಯೋಜನವಿಲ್ಲ.

ಕಂಡೆನ್ಸರಿನ ಲಕ್ಷಣ ಕಣ್ಣಿಗೇ ಕಾಣುತ್ತದೆ. ಮುಚ್ಚಿದ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿದಾಗ ಅಲ್ಲಿ ಸಣ್ಣ ಮಿಂಚು ಸಹಜ. ಬದಲಿಗೆ ದಪ್ಪನೆಯ ಬೆಳ್ಳನೆಯ ಜ್ವಾಲೆ ಹಾರಿ, ಪ್ಲಗ್ಗಿನಲ್ಲಿ ಮಾತ್ರ ಕಿಡಿ ಬಡವಾಗಿದ್ದರೆ ಕಂಡೆನ್ಸರ್ ಸತ್ತಿದೆ ಎಂದು ತಿಳಿಯಬಹುದು. ಕೆಲಸ ಮಾಡುತ್ತಿರುವ ಹಳೆಯ ಕಂಡೆನ್ಸರನ್ನು ಮಾತ್ರ ಮುಂಜಾಗ್ರತೆಯೆಂದು ಬಿಸಾಡಬೇಡಿ. ಪೇಟೆಯಲ್ಲಿ ಇಂದು ಸಿಕ್ಕುವ ಹೊಸದು ಅದಕ್ಕಿಂತ ಉತ್ತಮವೆಂದು ನಂಬಲು ಕಾರಣಗಳಿಲ್ಲ.

ಬಿಸಿಯಾದಾಗ ನಿಲ್ಲುವ ಗಾಡಿ

ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಹೊರಟು, ಏಳೆಂಟು ಕಿಲೋಮೀಟರಿನ ಬಳಿಕ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಹೊರಡುವ ಗಾಡಿ ಎಲ್ಲರನ್ನೂ ಕಾಡಿಸುತ್ತದೆ. ಕಾಯಿಲಿನ ಅಥವಾ ಕಂಡೆನ್ಸರಿನ ಒಳ ಅವಾಹಕ ಬಿಸಿಗೆ ಸೋಲುವುದು ಇದಕ್ಕೆ ಕಾರಣವಿರಬಹುದು. ಗಾಡಿ ನಿಂತ ಕೂಡಲೇ, ತಣ್ಣಗಾಗುವ ಮುನ್ನವೇ ಕಿಡಿ ನೋಡಿದರೆ ಮಾತ್ರ ಇದು ತಿಳಿಯುತ್ತದೆ. ತಣ್ಣಗಿನ ಕಾಯಿಲಿಗೆ ಮೀಟರ್ ಹಿಡಿದು ‘ಸರಿಯಾಗಿದೆ’ ಎಂದು ಹೇಳುವುದು ಇಲ್ಲಿ ಸಾಲದು. ಆಗ ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತೆರೆದು ನೋಡಿ: ಗಾಳಿಯ ರಂಧ್ರ ಕಟ್ಟಿಕೊಂಡರೂ ಗಾಡಿ ಹೀಗೆಯೇ ನಿಲ್ಲುತ್ತದೆ.

ಕಾಸರಗೋಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆಯುಂಟು. ಬಿರುಕುಬಿಟ್ಟ ದಪ್ಪ ತಂತಿ, ಒದ್ದೆಯಾದ ಕ್ಯಾಪು ಕಿಡಿಯನ್ನು ದಾರಿಯಲ್ಲೇ ಚಾಸಿಗೆ ಸೋರಿಬಿಡುತ್ತವೆ. ಕತ್ತಲಲ್ಲಿ ಎಂಜಿನ್ ಓಡಿಸಿದರೆ ಸೋರುವ ಜಾಗದಲ್ಲಿ ನೀಲಿ ಮಿನುಗು ಕಾಣುತ್ತದೆ.

ಬೇರೆ ಗಾಡಿಗಳಲ್ಲಿ

ಪಾಯಿಂಟ್ ಇರುವ ಹಳೆಯ ಬುಲೆಟ್‌ಗೂ ಈ ಕ್ರಮವೇ ಸಲ್ಲುತ್ತದೆ; ಮೇಲಾಗಿ ಹೆಡ್‌ಲೈಟಿನ ಬಳಿಯ ಅಮೀಟರ್ ಅಲ್ಲಿ ಬಲ್ಬಿನ ಕೆಲಸವನ್ನು ತಾನೇ ಮಾಡುತ್ತದೆ. ಸ್ವಿಚ್ ಹಾಕಿ ನಿಧಾನವಾಗಿ ಕಿಕ್ ತಳ್ಳಿದಾಗ ಮುಳ್ಳು ಎಡಕ್ಕೆ ವಾಲಿ ಮತ್ತೆ ಸೊನ್ನೆಗೆ ಬರಬೇಕು. ಅಲುಗದಿದ್ದರೆ ಕಾಯಿಲಿಗೆ ವಿದ್ಯುತ್ತು ಹರಿಯುತ್ತಿಲ್ಲ. ಎಡಕ್ಕೇ ಅಂಟಿ ನಿಂತರೆ ಪಾಯಿಂಟ್ ತೆರೆಯುತ್ತಿಲ್ಲ, ಅಥವಾ ಎಲ್ಲೋ ಅರ್ತ್ ಆಗಿದೆ. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100ರಲ್ಲಿ ಮಾತ್ರ ಪಾಯಿಂಟ್ ಇಲ್ಲ. ಅದರದು ಸಿಡಿಐ, ಮ್ಯಾಗ್ನೆಟೋದಲ್ಲಿರುವ ಪ್ರತ್ಯೇಕ ಸುರುಳಿಯಿಂದಲೇ ಅದಕ್ಕೆ ವಿದ್ಯುತ್ತು ಸಿಗುವುದರಿಂದ ಬ್ಯಾಟರಿ ಸತ್ತರೂ ಗಾಡಿ ಹೊರಡುತ್ತದೆ. ಬಲ್ಬಿನ ಪರೀಕ್ಷೆಯನ್ನು ಅದರ ಮೇಲೆ ಮಾಡಬಾರದು.