ಕರಿಮರಳಿನ ಶೇಷ: ತಿರುವಾಂಕೂರಿನ ಮೊನಜೈಟ್ ಮತ್ತು ವಿರಳ ಭಸ್ಮಲೋಹಗಳ ಚರಿತ್ರೆ

ಕೊಲ್ಲಂ ಸಮೀಪದ ನೀಂಡಕರದಿಂದ ಉತ್ತರಕ್ಕೆ ಕಾಯಂಕುಳದವರೆಗೆ ಹಬ್ಬಿರುವ ಕಡಲತೀರ ಮತ್ತು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿರುವ ಮಣವಾಳಕುರಿಚಿಯ ತೀರ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಿರುವಾಂಕೂರು ಸಂಸ್ಥಾನದ ಭಾಗವಾಗಿದ್ದವು. ಈ ತೀರಗಳ ಮರಳು ಕಪ್ಪು. ಒಳನಾಡಿನ ಪುರಾತನ ಶಿಲೆಗಳು ಶಿಥಿಲವಾಗಿ, ಅವುಗಳ ಕಣಗಳು ಹೊಳೆಗಳ ಮೂಲಕ ಕಡಲು ಸೇರಿದ ಮೇಲೆ, ಮಳೆಗಾಲದ ಅಲೆಗಳು ಹಗುರವಾದ ಬಿಳಿ ಮರಳನ್ನು ಸೆಳೆದೊಯ್ದು ಭಾರವಾದ ಕಣಗಳನ್ನು ದಡದಲ್ಲಿಯೇ ಬಿಡುತ್ತವೆ. ಹೀಗೆ ಉಳಿದ ಮರಳಿನಲ್ಲಿ ಟೈಟಾನಿಯಂ ಅದಿರಾದ ಇಲ್ಮನೈಟ್ ಹೆಚ್ಚಾಗಿಯೂ, ರೂಟೈಲ್, ಜಿರ್ಕಾನ್ ಮತ್ತು ಸಿಲಿಮನೈಟ್ ತಕ್ಕಮಟ್ಟಿಗೂ, ಮೊನಜೈಟ್ ಎಂಬ ಹಳದಿ ಮಿಶ್ರಿತ ಕಂದು ಬಣ್ಣದ ಖನಿಜ ಅತ್ಯಲ್ಪವಾಗಿಯೂ ಇರುತ್ತವೆ. ಮೊನಜೈಟ್ ಒಂದು ಫಾಸ್ಫೇಟ್. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ವಿರಳ ಭಸ್ಮಲೋಹಗಳ ಆಕ್ಸೈಡುಗಳದ್ದು, ಶೇ. 8ರಿಂದ 9ರಷ್ಟು ಥೋರಿಯಂ ಆಕ್ಸೈಡಿನದು.

ವಿರಳ ಭಸ್ಮಲೋಹಗಳೆಂದರೆ ಲ್ಯಾಂಥನಂನಿಂದ ಲುಟೀಶಿಯಂವರೆಗಿನ ಹದಿನೈದು ಧಾತುಗಳು ಮತ್ತು ಅವುಗಳ ಸ್ವಭಾವವನ್ನೇ ಹೋಲುವ ಸ್ಕ್ಯಾಂಡಿಯಂ ಹಾಗೂ ಯಿಟ್ರಿಯಂ, ಒಟ್ಟು ಹದಿನೇಳು. ಭೂಮಿಯ ಹೊರಪದರದಲ್ಲಿ ಇವು ಹೆಸರು ಸೂಚಿಸುವಷ್ಟು ಅಪರೂಪವೇನಲ್ಲ. ಸೀರಿಯಂನ ಪ್ರಮಾಣ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಅಪರೂಪವಾದದ್ದು ಅವನ್ನು ಒಂದರಿಂದೊಂದು ಬೇರ್ಪಡಿಸುವ ಸಾಮರ್ಥ್ಯ, ಏಕೆಂದರೆ ಅವುಗಳ ರಾಸಾಯನಿಕ ಗುಣಗಳಲ್ಲಿ ಕೂದಲೆಳೆಯಷ್ಟೇ ವ್ಯತ್ಯಾಸವಿದೆ. ಈ ಗುಂಪಿನ ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ ಇಂದು ವಿದ್ಯುತ್ ವಾಹನಗಳ ಮೋಟಾರುಗಳಿಗೂ ಅನೇಕ ಬಗೆಯ ಗಾಳಿಯಂತ್ರಗಳಿಗೂ ಬೇಕಾದ ಪ್ರಬಲ ಆಯಸ್ಕಾಂತಗಳ ಮೂಲವಸ್ತುಗಳಾಗಿರುವುದರಿಂದ, ಶುದ್ಧ ಇಂಧನದ ಚರ್ಚೆಯಲ್ಲಿ ಇವು ಮತ್ತೆ ಮತ್ತೆ ಕೇಳಿಬರುತ್ತವೆ. ತಿರುವಾಂಕೂರಿನ ಮರಳಿನ ಶತಮಾನದ ಚರಿತ್ರೆಯನ್ನು ಗಮನಿಸಿದರೆ ಬೇರೊಂದು ಸಂಗತಿಯೂ ಕಾಣುತ್ತದೆ: ಮೊನಜೈಟಿನೊಳಗಿನ ಎರಡು ಪಾಲುಗಳಲ್ಲಿ ಯಾವುದು ಅದಿರು, ಯಾವುದು ಕಸ ಎಂಬುದನ್ನು ಪ್ರತಿ ಕಾಲಘಟ್ಟದಲ್ಲಿಯೂ ನಿರ್ಧರಿಸಿದ್ದು ಆಯಾ ಕಾಲದ ಪೇಟೆ ಮತ್ತು ರಾಜಕಾರಣ.

ಮೊದಲ ಬೇಡಿಕೆ ಬಂದದ್ದು ಬೆಳಕಿನ ಉದ್ಯಮದಿಂದ. ಆಸ್ಟ್ರಿಯಾದ ರಸಾಯನವಿಜ್ಞಾನಿ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ, ಅಲ್ಲಿಯವರೆಗೆ ಒಂದೇ ಧಾತುವೆಂದು ನಂಬಲಾಗಿದ್ದ ಡಿಡಿಮಿಯಂ ವಾಸ್ತವವಾಗಿ ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂಗಳ ಮಿಶ್ರಣವೆಂದು ತೋರಿಸಿದನು. ಅದೇ ವರ್ಷ ಅನಿಲದೀಪದ ಜ್ವಾಲೆಯ ಮೇಲೆ ಇಡುವ ಬಲೆ, ಅಂದರೆ ಮ್ಯಾಂಟಲ್‌ಗೆ ಪೇಟೆಂಟ್ ಪಡೆದನು. ಆ ಮೊದಲ ಮ್ಯಾಂಟಲ್‌ನ ಬೆಳಕು ಹಸಿರಾಗಿದ್ದುದರಿಂದ ಜನ ಅದನ್ನು ಮೆಚ್ಚಲಿಲ್ಲ. 1891ರಲ್ಲಿ ಶೇ. 99ರಷ್ಟು ಥೋರಿಯಂ ಆಕ್ಸೈಡಿಗೆ ಶೇ. 1ರಷ್ಟು ಸೀರಿಯಂ ಆಕ್ಸೈಡ್ ಬೆರೆಸಿದಾಗ ಪ್ರಖರವಾದ ಬಿಳಿ ಬೆಳಕು ಸಿಕ್ಕಿತು. ಹತ್ತಿಯ ಬಲೆಯನ್ನು ಈ ಲವಣಗಳ ದ್ರಾವಣದಲ್ಲಿ ಅದ್ದಿ, ಒಣಗಿಸಿ, ಸುಟ್ಟರೆ ನೂಲು ಉರಿದುಹೋಗಿ ಆಕ್ಸೈಡಿನ ಹಂದರ ಮಾತ್ರ ಬಲೆಯ ಆಕಾರದಲ್ಲಿಯೇ ಉಳಿಯುತ್ತದೆ, ಬೆರಳು ತಾಗಿದರೂ ಅದು ಪುಡಿಯಾಗುತ್ತದೆ. ಜಾತ್ರೆ, ಮದುವೆ, ಬಯಲಾಟಗಳನ್ನು ದಶಕಗಳ ಕಾಲ ಬೆಳಗಿಸಿದ, ಕನ್ನಡನಾಡಿನಲ್ಲಿ ಪೆಟ್ರೋಮ್ಯಾಕ್ಸ್ ಎಂದೂ ಗ್ಯಾಸ್‌ಲೈಟ್ ಎಂದೂ ಕರೆಯಲಾದ ದೀಪದಲ್ಲಿ ಉರಿಯುತ್ತಿದ್ದುದು ಇದೇ ಮ್ಯಾಂಟಲ್.

ಥೋರಿಯಂಗಾಗಿ ಮೊನಜೈಟ್ ಬೇಕಾಯಿತು. ಅದು ಮೊದಮೊದಲು ಅಮೆರಿಕದ ಕ್ಯಾರೊಲೈನಾ ಪ್ರಾಂತ್ಯಗಳಿಂದ, ಅನಂತರ ಬ್ರೆಜಿಲ್‌ನ ಕಡಲತೀರದಿಂದ ಬರುತ್ತಿತ್ತು. 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞನು ತಿರುವಾಂಕೂರಿನಿಂದ ಆಮದಾದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳಿನ ಕಣಗಳಲ್ಲಿ ಮೊನಜೈಟನ್ನು ಗುರುತಿಸಿದನು. ತಿರುವಾಂಕೂರಿನ ಮೊನಜೈಟಿನಲ್ಲಿ ಥೋರಿಯಂ ಅಂಶ ಬ್ರೆಜಿಲ್‌ನದಕ್ಕಿಂತ ಹೆಚ್ಚು ಇದ್ದುದರಿಂದ, ಕೆಲವೇ ವರ್ಷಗಳಲ್ಲಿ ಮಣವಾಳಕುರಿಚಿ ಜಾಗತಿಕ ಪೇಟೆಯ ಮುಖ್ಯ ಮೂಲವಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಅದು ಬ್ರಿಟಿಷ್ ಹಿತಾಸಕ್ತಿಗಳ ಹಿಡಿತಕ್ಕೆ ಬಂದಿತು. ನಾರಿನ ವ್ಯಾಪಾರದ ಬೆನ್ನೇರಿ ಹೋದ ಮರಳು ನಾರಿಗಿಂತ ದೊಡ್ಡ ರಾಜಕೀಯ ಮೌಲ್ಯ ಪಡೆಯಿತೆಂಬುದನ್ನು ಸಂಸ್ಥಾನದ ಆಡಳಿತ ಪೂರ್ಣವಾಗಿ ಅರಿತುಕೊಳ್ಳಲು ಇನ್ನೂ ಮೂರು ದಶಕಗಳು ಬೇಕಾದವು.

ಈ ಉದ್ಯಮಕ್ಕೆ ಬೇಕಿದ್ದುದು ಥೋರಿಯಂ ಮಾತ್ರ. ಅದನ್ನು ತೆಗೆದ ಮೇಲೆ ಮೊನಜೈಟಿನ ಬಹುಪಾಲು, ಅಂದರೆ ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂ ಎಲ್ಲವೂ, ಕಾರ್ಖಾನೆಯ ಹಿತ್ತಿಲಲ್ಲಿ ಗುಡ್ಡೆಯಾಗಿ ಬೀಳುತ್ತಿತ್ತು. ಆ ಗುಡ್ಡೆಗೆ ಉಪಯೋಗ ಹುಡುಕಿದವನೂ ಔವರ್‌ನೇ. 1903ರಲ್ಲಿ ಅವನು ಈ ಲೋಹಗಳ ಮಿಶ್ರಣಕ್ಕೆ ಶೇ. 30ರಷ್ಟು ಕಬ್ಬಿಣ ಸೇರಿಸಿ, ಉಜ್ಜಿದರೆ ಕಿಡಿ ಹಾರಿಸುವ ಮಿಶ್ರಲೋಹವನ್ನು ತಯಾರಿಸಿದನು; ಸಿಗರೇಟ್ ಲೈಟರಿನ ಕಿಡಿಕಲ್ಲು ಇಂದಿಗೂ ಆ ಜಾತಿಯದೇ. ವಿರಳ ಭಸ್ಮಲೋಹಗಳ ಉದ್ಯಮ ಹುಟ್ಟಿದ್ದು ಹೀಗೆ ತ್ಯಾಜ್ಯದ ಸದ್ಬಳಕೆಯಿಂದ ಎಂಬುದು, ಮರುಬಳಕೆಯನ್ನು ಇತ್ತೀಚಿನ ಚಿಂತನೆಯೆಂದು ಭಾವಿಸುವವರು ಗಮನಿಸಬೇಕಾದ ಅಂಶ.

ವಿದ್ಯುದ್ದೀಪ ಬಂದಂತೆ ಮ್ಯಾಂಟಲ್ ಹಿಂದೆ ಸರಿಯಿತು. 1920ರ ದಶಕದಲ್ಲಿ ಬಿಳಿ ಬಣ್ಣದ ತಯಾರಿಕೆಗೆ ಟೈಟಾನಿಯಂ ಡೈಆಕ್ಸೈಡಿನ ಬಳಕೆ ಹೆಚ್ಚಿ, ಅದೇ ಮರಳಿನ ಇಲ್ಮನೈಟ್ ಮುಖ್ಯ ಸರಕಾಯಿತು, ಮೊನಜೈಟ್ ಅದರ ಜೊತೆಗೆ ಸಿಗುವ ಉಪೋತ್ಪನ್ನದ ಮಟ್ಟಕ್ಕೆ ಇಳಿಯಿತು. 1945ರ ಅಣುಬಾಂಬಿನ ನಂತರ ಲೆಕ್ಕಾಚಾರ ಮತ್ತೆ ತಲೆಕೆಳಗಾಯಿತು. ರಿಯಾಕ್ಟರಿನಲ್ಲಿ ಥೋರಿಯಂನಿಂದ ವಿದಳನಕ್ಕೆ ಒದಗುವ ಯುರೇನಿಯಂ-233 ಪಡೆಯಬಹುದೆಂದು ಗೊತ್ತಾಗಿದ್ದುದರಿಂದ ಬ್ರಿಟನ್ ಮತ್ತು ಅಮೆರಿಕಗಳೆರಡೂ ಈ ಮರಳಿನ ಮೇಲೆ ಕಣ್ಣಿಟ್ಟವು. ಸಂಸ್ಥಾನದ ದಿವಾನರಾಗಿದ್ದ ಸಿ.ಪಿ. ರಾಮಸ್ವಾಮಿ ಅಯ್ಯರ್ ಮೊನಜೈಟಿನ ರಫ್ತನ್ನು ತಡೆದರು, ಮತ್ತು 1947ರ ಜೂನ್ ತಿಂಗಳಲ್ಲಿ ತಿರುವಾಂಕೂರು ಸ್ವತಂತ್ರ ರಾಷ್ಟ್ರವಾಗುವುದೆಂದು ಘೋಷಿಸಿದರು. ಆ ಆತ್ಮವಿಶ್ವಾಸಕ್ಕೆ ಈ ಖನಿಜವೂ ಒಂದು ಆಸರೆಯಾಗಿತ್ತು. ಜುಲೈ ಕೊನೆಯ ವೇಳೆಗೆ ಸಂಸ್ಥಾನ ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಿತು.

ಸ್ವತಂತ್ರ ಭಾರತದ ನೀತಿ ಸ್ಪಷ್ಟವಾಗಿತ್ತು: ಮರಳನ್ನು ಮರಳಾಗಿಯೇ ಮಾರಬಾರದು. 1950ರ ಆಗಸ್ಟ್‌ನಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಫ್ರೆಂಚ್ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಪೆರಿಯಾರ್ ನದಿಯ ದಡದಲ್ಲಿ, ಆಲುವಾದ ಬಳಿ ಕಟ್ಟಿದ ಕಾರ್ಖಾನೆಯನ್ನು 1952ರ ಡಿಸೆಂಬರ್‌ನಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅದಕ್ಕೂ ಒಂದು ವರ್ಷ ಮೊದಲು, 1951ರಲ್ಲಿ, ಬರಗಾಲದ ಭಾರತಕ್ಕೆ ಗೋಧಿಯ ಸಾಲ ಕೊಡುವ ಮಸೂದೆ ಅಮೆರಿಕದ ಸಂಸತ್ತಿನ ಮುಂದೆ ಬಂದಾಗ, ಪ್ರತಿಯಾಗಿ ಮೊನಜೈಟ್ ಪಡೆಯಬೇಕೆಂಬ ಒತ್ತಾಯ ಅಲ್ಲಿ ಕೇಳಿಬಂದಿತ್ತು. ನೆಹರೂ ಅದಕ್ಕೆ ಮಣಿಯಲಿಲ್ಲ.

ಆಲುವಾದ ಕಾರ್ಖಾನೆಯ ಕ್ರಮವನ್ನು ತುಸು ವಿವರವಾಗಿ ನೋಡಬೇಕು. ತೀರದಲ್ಲಿ ನೀರು ಹಾಯಿಸಿ ತೊಳೆದ ಮರಳನ್ನು ಒಣಗಿಸಿ ಆಯಸ್ಕಾಂತದ ವಿಭಜಕಗಳಿಗೆ ಹಾಕಿದಾಗ ಇಲ್ಮನೈಟ್ ಬಲವಾಗಿ, ಮೊನಜೈಟ್ ದುರ್ಬಲವಾಗಿ ಸೆಳೆತಕ್ಕೆ ಒಳಗಾಗಿ ಪ್ರತ್ಯೇಕವಾಗುತ್ತವೆ, ಜಿರ್ಕಾನ್ ಸೆಳೆತಕ್ಕೆ ಸಿಗುವುದೇ ಇಲ್ಲ. (ಆಯಸ್ಕಾಂತದ ಕಚ್ಚಾವಸ್ತುವನ್ನು ಆಯಸ್ಕಾಂತವೇ ಆರಿಸಿಕೊಡುತ್ತದೆ.) ಆರಿಸಿದ ಮೊನಜೈಟನ್ನು ನುಣ್ಣಗೆ ಅರೆದು, ಸಾಂದ್ರವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕೆಲವು ಗಂಟೆಗಳ ಕಾಲ ಬೇಯಿಸಿದರೆ ಫಾಸ್ಫೇಟ್ ಭಾಗ ಕರಗಿ ಬೇರೆಯಾಗುತ್ತದೆ, ಅದನ್ನು ತಣಿಸಿ ಪಡೆದ ಟ್ರೈಸೋಡಿಯಂ ಫಾಸ್ಫೇಟಿನ ಹರಳುಗಳು ಮಾರಾಟಕ್ಕೆ ಹೋಗುತ್ತಿದ್ದವು. ತಳದಲ್ಲಿ ಉಳಿದ ಹೈಡ್ರಾಕ್ಸೈಡುಗಳ ರಾಡಿಗೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಹದವರಿತು ಸೇರಿಸಿದಾಗ ವಿರಳ ಭಸ್ಮಲೋಹಗಳು ಕ್ಲೋರೈಡುಗಳಾಗಿ ಕರಗುತ್ತವೆ, ಥೋರಿಯಂ ಕರಗದೆ ಕೂರುತ್ತದೆ. ಥೋರಿಯಂ ಕ್ಷಯಿಸುವಾಗ ಹುಟ್ಟುವ ರೇಡಿಯಂ ಮತ್ತು ಸೀಸದ ವಿಕಿರಣಶೀಲ ರೂಪಗಳು ಕ್ಲೋರೈಡಿನೊಂದಿಗೆ ಉಳಿಯುವುದರಿಂದ, ಬೇರಿಯಂ ಲವಣ ಮುಂತಾದವನ್ನು ಹಾಕಿ ಅವನ್ನು ತಳಕ್ಕಿಳಿಸಿ ತೆಗೆಯಬೇಕಾಗುತ್ತದೆ. ಆಮ್ಲದ ಬದಲು ಕ್ಷಾರದಿಂದ ಅದಿರನ್ನು ಒಡೆದದ್ದರಿಂದ ಫಾಸ್ಫೇಟ್ ಕೂಡ ವ್ಯರ್ಥವಾಗಲಿಲ್ಲ. ಆದರೆ ಥೋರಿಯಂ ಹೈಡ್ರಾಕ್ಸೈಡಿನಲ್ಲಿ ಒಂದಷ್ಟನ್ನು 1955ರಲ್ಲಿ ಆರಂಭವಾದ ಟ್ರಾಂಬೆಯ ಕಾರ್ಖಾನೆಯು ಮ್ಯಾಂಟಲ್ ತಯಾರಿಕೆಗೆ ಬೇಕಾದ ಥೋರಿಯಂ ನೈಟ್ರೇಟಾಗಿ ಪರಿವರ್ತಿಸಿತೇ ಹೊರತು, ಹೋಮಿ ಭಾಭಾ ರೂಪಿಸಿದ ಮೂರು ಹಂತಗಳ ಅಣುಶಕ್ತಿ ಯೋಜನೆಯಲ್ಲಿ ಥೋರಿಯಂ ಬಳಕೆಯಾಗಬೇಕಿದ್ದ ಮೂರನೆಯ ಹಂತ ಬರಲೇ ಇಲ್ಲವಾದ್ದರಿಂದ, ಉಳಿದದ್ದು ಗೋದಾಮುಗಳಲ್ಲಿ ಸೇರಿಕೊಂಡಿತು. ಶತಮಾನದ ಆರಂಭದ ಅದಿರು ಈಗ ಕಾಯಬೇಕಾದ ಹೊರೆಯಾಯಿತು. ಐವತ್ತು ವರ್ಷಗಳ ನಂತರ ಈ ದಾಸ್ತಾನನ್ನೇ ಹೊರತೆಗೆದು, ಅದರಲ್ಲಿ ಅಲ್ಪ ಪ್ರಮಾಣದಲ್ಲಿದ್ದ ಯುರೇನಿಯಂ ಅನ್ನು ಬೇರ್ಪಡಿಸಿ, ಥೋರಿಯಂ ಅನ್ನು ಹೆಚ್ಚು ಸುರಕ್ಷಿತವಾದ ಆಕ್ಸಲೇಟ್ ರೂಪದಲ್ಲಿ ಮತ್ತೆ ಶೇಖರಿಸುವ ಕಾರ್ಯ ಆಲುವಾದಲ್ಲಿ ನಡೆಯಿತು. ಹಳೆಯ ಶೇಷವನ್ನು ಹೊಸ ಗಣಿಯಾಗಿ ಕಂಡ ಈ ಕೆಲಸಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಬೇರ್ಪಡಿಸದ ಮಿಶ್ರ ಕ್ಲೋರೈಡ್ ಬಹುಪಾಲು ರಫ್ತಾಯಿತು. ಮರಳನ್ನು ಮಾರಬಾರದೆಂಬ ನೀತಿ ಮರಳಿನಿಂದ ಒಂದು ಹೆಜ್ಜೆ ಮೇಲಿನ ಸರಕಿನ ಬಳಿಗೆ ಬಂದು ನಿಂತಿತು. ಲೋಹ, ಮಿಶ್ರಲೋಹ, ಆಯಸ್ಕಾಂತಗಳ ಲಾಭ ಹೊರದೇಶಗಳ ಪಾಲಾಯಿತು. 1983ರಲ್ಲಿ ಜಪಾನಿನ ಮಸಾತೊ ಸಗಾವ ಮತ್ತು ಅಮೆರಿಕದ ಜಾನ್ ಕ್ರೋಟ್ ಪ್ರತ್ಯೇಕವಾಗಿ ನಿಯೋಡಿಮಿಯಂ, ಕಬ್ಬಿಣ, ಬೋರಾನ್‌ಗಳ ಆಯಸ್ಕಾಂತವನ್ನು ಪ್ರಕಟಿಸಿದಾಗ, ಗುರುತಿಸಲ್ಪಟ್ಟು ಸುಮಾರು ನೂರು ವರ್ಷ ಹೆಚ್ಚಿನ ಕೆಲಸವಿಲ್ಲದೆ ಇದ್ದ ಧಾತುವೊಂದಕ್ಕೆ ಒಮ್ಮೆಲೇ ಬೆಲೆ ಬಂದಿತು. ಆದರೆ ಅಷ್ಟರಲ್ಲಿ ಚೀನಾ, ಬಯಾನ್ ಒಬೊದ ಬೃಹತ್ ನಿಕ್ಷೇಪವನ್ನೂ ಶೂ ಗುವಾಂಗ್‌ಶಿಯಾನ್ ಮೊದಲಾದ ವಿಜ್ಞಾನಿಗಳು ಬೆಳೆಸಿದ ದ್ರಾವಕ ಬೇರ್ಪಡಿಕೆಯ ವಿಧಾನವನ್ನೂ ಜೋಡಿಸಿ, ಬೇರೆ ಯಾರೂ ಸರಿಗಟ್ಟಲಾಗದ ಬೆಲೆಗೆ ಶುದ್ಧ ಆಕ್ಸೈಡುಗಳನ್ನು ಮಾರತೊಡಗಿತ್ತು. ಆಲುವಾದಲ್ಲಿ ಮೊನಜೈಟ್ ಸಂಸ್ಕರಣೆ 2004ರಲ್ಲಿ ನಿಂತಿತು. ಆ ಕೆಲಸ ಒಡಿಶಾದ ಛತ್ರಪುರದಲ್ಲಿ ಮತ್ತೆ ಶುರುವಾಗಲು ಒಂದು ದಶಕವೇ ಬೇಕಾಯಿತು.

ಚೀನಾದ ಅಗ್ಗದ ಬೆಲೆಯೊಳಗೆ ಬಾವುಟೌ ನಗರದ ಬಳಿಯ ವಿಷಕೆಸರಿನ ಕೆರೆಯಂಥ ವೆಚ್ಚಗಳು ಸೇರಿರಲಿಲ್ಲ. ಕೇರಳದ ತೀರದ್ದು ಬೇರೆಯೇ ಬಗೆಯ ವೆಚ್ಚ. ಮೊನಜೈಟಿನಿಂದಾಗಿ ಕರುನಾಗಪಳ್ಳಿಯ ನೆಲದಲ್ಲಿ ನೈಸರ್ಗಿಕ ವಿಕಿರಣ ಹೆಚ್ಚು. ಅಲ್ಲಿ ನಡೆದ ದೀರ್ಘಕಾಲದ ಅಧ್ಯಯನಗಳು ಇದರಿಂದ ಕ್ಯಾನ್ಸರ್ ಹೆಚ್ಚಿದೆಯೆಂದು ತೋರಿಸಿಲ್ಲ. ಜನರ ತಕರಾರು ಇರುವುದು ಕಡಲುಕೊರೆತದ ಬಗೆಗೆ. ಹಿನ್ನೀರು ಮತ್ತು ಕಡಲಿನ ನಡುವಿನ ಕಿರಿದಾದ ಪಟ್ಟಿಯಾದ ಆಲಪ್ಪಾಡಿನ ನಿವಾಸಿಗಳು ಮರಳು ತೆಗೆಯುವುದರಿಂದ ತಮ್ಮ ನೆಲವೇ ಕಡಲಪಾಲಾಗುತ್ತಿದೆಯೆಂದು 2018-19ರಲ್ಲಿ ದೊಡ್ಡ ಚಳವಳಿ ನಡೆಸಿದರು. ಅಲೆಗಳು ಪ್ರತಿವರ್ಷ ಮರಳನ್ನು ಮತ್ತೆ ತಂದು ತುಂಬುತ್ತವೆಂಬ ವಾದ ಒಳನಾಡಿನಲ್ಲಿ ಆಳವಾಗಿ ಅಗೆಯುವ ಕಡೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದು ಸುಲಭವಾಗಿ ಇತ್ಯರ್ಥವಾಗುವ ವಿಷಯವಲ್ಲ.

ಮರುಬಳಕೆಯ ಚರಿತ್ರೆಯೂ ಬೆಲೆಯ ಏರಿಳಿತವನ್ನೇ ಹಿಂಬಾಲಿಸಿದೆ. 2010ರ ಸೆಪ್ಟೆಂಬರ್‌ನಲ್ಲಿ ದ್ವೀಪಗಳ ವಿವಾದದ ನಡುವೆ ಚೀನಾದಿಂದ ಜಪಾನಿಗೆ ಹೋಗುತ್ತಿದ್ದ ಪೂರೈಕೆ ಅಡ್ಡಿಗೊಂಡು ಬೆಲೆಗಳು ಗಗನಕ್ಕೇರಿದಾಗ, ಹಳೆಯ ಹಾರ್ಡ್‌ಡಿಸ್ಕುಗಳಿಂದ ಆಯಸ್ಕಾಂತ ಬಿಡಿಸುವ ಯಂತ್ರಗಳು ಜಪಾನಿನಲ್ಲಿ ಸಿದ್ಧವಾದವು. ಫ್ರಾನ್ಸಿನ ಲಾ ರೋಷೆಲ್‌ನಲ್ಲಿ ಸಾಲ್ವೇ ಕಂಪನಿ 2012ರಲ್ಲಿ, ಕೆಟ್ಟುಹೋದ ಟ್ಯೂಬ್‌ಲೈಟುಗಳ ಒಳಪುಡಿಯಿಂದ ಯೂರೋಪಿಯಂ, ಟರ್ಬಿಯಂ ಮುಂತಾದವನ್ನು ಮರಳಿ ಪಡೆಯುವ ಘಟಕ ತೆರೆಯಿತು. ಬೆಲೆ ಕುಸಿದು, ಎಲ್‌ಇಡಿ ದೀಪಗಳು ಟ್ಯೂಬ್‌ಲೈಟುಗಳನ್ನು ಬದಿಗೊತ್ತಿದ ಮೇಲೆ ಅದು 2016ರಲ್ಲಿ ಮುಚ್ಚಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2011ರ ವರದಿಯ ಪ್ರಕಾರ, ಬಳಸಿ ಬಿಸಾಡಿದ ವಸ್ತುಗಳಿಂದ ಈ ಲೋಹಗಳು ಮರಳಿ ಸಿಗುತ್ತಿದ್ದುದು ಶೇ. 1ಕ್ಕಿಂತ ಕಡಿಮೆ.

ಕಾರಣ ತೀರ ಸರಳ. ಈ ಆಯಸ್ಕಾಂತದಲ್ಲಿ ವಿರಳ ಭಸ್ಮಲೋಹಗಳ ಪಾಲು ಸುಮಾರು ಶೇ. 30, ಉಳಿದದ್ದು ಬಹುತೇಕ ಕಬ್ಬಿಣ. ಗುಜರಿಗೆ ಬಂದ ಮೋಟಾರನ್ನು ಬಿಚ್ಚದೆ ಕತ್ತರಿಯಂತ್ರಕ್ಕೆ ಹಾಕಿದಾಗ, ಪುಡಿಯಾದ ಆಯಸ್ಕಾಂತ ಸುತ್ತಲಿನ ಉಕ್ಕಿನ ಚೂರುಗಳಿಗೇ ಅಂಟಿಕೊಂಡು ಕುಲುಮೆ ಸೇರುತ್ತದೆ, ಅದರ ನಿಯೋಡಿಮಿಯಂ ಕಿಟ್ಟದಲ್ಲಿ ಕಳೆದುಹೋಗುತ್ತದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವಿಧಾನವೊಂದು ಹೈಡ್ರೋಜನ್ ಅನಿಲವನ್ನು ಹಾಯಿಸುತ್ತದೆ. ಅನಿಲವನ್ನು ಹೀರಿದ ಆಯಸ್ಕಾಂತ ಉಬ್ಬಿ, ತಾನಾಗಿಯೇ ಪುಡಿಯಾಗಿ, ಹೆಚ್ಚುಕಡಿಮೆ ಕಾಂತತ್ವ ಕಳೆದುಕೊಂಡು ಉದುರುತ್ತದೆ, ಮತ್ತು ಆ ಪುಡಿಯನ್ನು ಆಮ್ಲದಲ್ಲಿ ಕರಗಿಸದೆ ನೇರವಾಗಿ ಹೊಸ ಆಯಸ್ಕಾಂತಕ್ಕೆ ಬಳಸಬಹುದು.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭಸ್ಮಲೋಹಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಬಳಿಕ ಭಾರತದ ವಾಹನ ತಯಾರಕರೂ ಬಿಸಿ ಅನುಭವಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿರ್ಣಾಯಕ ಖನಿಜಗಳ ಮರುಬಳಕೆಗೆ 1,500 ಕೋಟಿ ರೂಪಾಯಿಗಳ ಪ್ರೋತ್ಸಾಹ ಯೋಜನೆಯನ್ನು ಅಂಗೀಕರಿಸಿತು. ಚೀನಾದ ಪಟ್ಟಿಯಲ್ಲಿದ್ದ ಡಿಸ್‌ಪ್ರೋಸಿಯಂ ಮತ್ತು ಟರ್ಬಿಯಂಗಳನ್ನು ಆಯಸ್ಕಾಂತ ಮೋಟಾರಿನ ಬಿಸಿಯನ್ನು ತಾಳಿಕೊಳ್ಳಲೆಂದು ಸೇರಿಸುತ್ತಾರೆ. ಭಾರತದ ಕಡಲತೀರದ ಮೊನಜೈಟಿನಲ್ಲಿ ನಿಯೋಡಿಮಿಯಂ ಸಾಕಷ್ಟಿದ್ದರೂ ಈ ಎರಡು ತೀರ ವಿರಳ. ಆದ್ದರಿಂದ ಕೊಲ್ಲಂ ತೀರದ ಚವರದ ಮರಳನ್ನು ಎಷ್ಟು ತೊಳೆದರೂ ಸಿಗದ ಲೋಹ, ಈಗಾಗಲೇ ದೇಶದೊಳಗೆ ಬಂದು ಹಳೆಯದಾಗುತ್ತಿರುವ ಮೋಟಾರು ಮತ್ತು ಹವಾನಿಯಂತ್ರಕಗಳಲ್ಲಿ ಅಷ್ಟಿಷ್ಟು ಇದೆ. ಅವು ಗುಜರಿ ಅಂಗಡಿಯಿಂದ ಬೇರ್ಪಟ್ಟು ಬರುತ್ತವೋ ಅಥವಾ ಉಕ್ಕಿನ ಕುಲುಮೆಗೆ ಹೋಗುತ್ತವೋ ಎಂಬುದು ಸದ್ಯಕ್ಕೆ ತಾಮ್ರದ ತಂತಿಯನ್ನು ಬಿಡಿಸಿಕೊಂಡು ಉಳಿದದ್ದನ್ನು ಕಬ್ಬಿಣದ ತೂಕಕ್ಕೆ ಮಾರುವ ವ್ಯಾಪಾರಿಯ ಲೆಕ್ಕದ ಮೇಲೆ ನಿಂತಿದೆ.