ಮೂಲದ ಗುರುತು: ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಮತ್ತು ರಫ್ತುದಾರ

ಭಾರತದ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಹಾಗೂ ಶ್ರೀಲಂಕಾದ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರು 1998ರ ಡಿಸೆಂಬರ್ 28ರಂದು ನವದೆಹಲಿಯಲ್ಲಿ ಸಹಿ ಹಾಕಿದ ಮುಕ್ತ ವ್ಯಾಪಾರ ಒಪ್ಪಂದವು 2000ದ ಮಾರ್ಚ್ 1ರಂದು ಜಾರಿಗೆ ಬಂದಿತು. ಉಭಯ ದೇಶಗಳ ಆರ್ಥಿಕ ಗಾತ್ರದ ಅಂತರವನ್ನು ಒಪ್ಪಂದವು ಮೊದಲೇ ಗಣನೆಗೆ ತೆಗೆದುಕೊಂಡಿತ್ತು. ಸುಂಕ ಕಡಿತವನ್ನು ಪೂರೈಸಲು ಭಾರತಕ್ಕೆ ಮೂರು ವರ್ಷ, ಶ್ರೀಲಂಕಾಕ್ಕೆ ಎಂಟು ವರ್ಷಗಳ ಅವಧಿ ನಿಗದಿಯಾಯಿತು. ರಿಯಾಯಿತಿಯಿಂದ ಹೊರಗಿಟ್ಟ ಸರಕುಗಳ ಪಟ್ಟಿ ಎರಡೂ ಕಡೆ ಇದ್ದವು. ಚಹಾ ಮತ್ತು ಸಿದ್ಧ ಉಡುಪುಗಳಿಗೆ ಭಾರತವು ಪ್ರಮಾಣದ ಮಿತಿ ವಿಧಿಸಿತು.

ಆಮದು ಸುಂಕವನ್ನು ತೆರುವವನು ಆಮದುದಾರ. ಸುಂಕ ತಗ್ಗಿದಾಗ ತನ್ನ ಸರಕು ಅನ್ಯದೇಶಗಳ ಸರಕಿಗಿಂತ ಅಗ್ಗವಾಗುವುದೇ ರಫ್ತುದಾರನಿಗೆ ದೊರೆಯುವ ಲಾಭ. ಆದರೆ ಸರಕು ಕೊಲಂಬೊದಿಂದ ಹೊರಟಿತೆಂಬ ಮಾತ್ರಕ್ಕೆ ಅದು ಶ್ರೀಲಂಕಾದ್ದಾಗುವುದಿಲ್ಲ. ಅಲ್ಲಿಯೇ ಬೆಳೆದ ಬೆಳೆಗೆ ತೊಡಕಿಲ್ಲ. ಹೊರಗಿನ ಕಚ್ಚಾವಸ್ತು ಬಳಸಿದ್ದರೆ ರಫ್ತು ಮೌಲ್ಯದ ಕನಿಷ್ಠ ಶೇ. 35ರಷ್ಟು ದೇಶದೊಳಗೆ ಸೇರಿರಬೇಕು. ಸಿದ್ಧವಸ್ತುವು ಸುಂಕಪಟ್ಟಿಯ ನಾಲ್ಕಂಕಿಯ ಬೇರೊಂದು ಶೀರ್ಷಿಕೆಗೆ ಸೇರಬೇಕು. ಕಚ್ಚಾವಸ್ತು ಭಾರತದ್ದೇ ಆಗಿದ್ದರೆ ಸ್ಥಳೀಯ ಪಾಲು ಶೇ. 25 ಇದ್ದರೂ ಸಾಕು, ಒಟ್ಟು ಪಾಲು ಮಾತ್ರ ಶೇ. 35ಕ್ಕಿಂತ ಕಡಿಮೆಯಾಗಬಾರದು. ಇದನ್ನು ದೃಢೀಕರಿಸುವ ಮೂಲ ಪ್ರಮಾಣಪತ್ರವನ್ನು ಅಲ್ಲಿನ ವಾಣಿಜ್ಯ ಇಲಾಖೆ ನೀಡುತ್ತದೆ.

ಈ ನಿಯಮದ ಇತಿಮಿತಿ ಬೇಗನೆ ಬಯಲಾಯಿತು. ಕಚ್ಚಾ ತಾಳೆಎಣ್ಣೆಯ ಮೇಲೆ ಆಗ ಭಾರತದ ಸುಂಕ ಹೆಚ್ಚಿತ್ತು, ಶ್ರೀಲಂಕಾದ ಸುಂಕ ಕಡಿಮೆಯಿತ್ತು. ಈ ಅಂತರವನ್ನೇ ಆಧರಿಸಿ ದ್ವೀಪದಲ್ಲಿ ವನಸ್ಪತಿ ಕಾರ್ಖಾನೆಗಳು ತಲೆಯೆತ್ತಿದವು. ಹೊರದೇಶದ ಎಣ್ಣೆ ವನಸ್ಪತಿಯಾಗಿ ಭಾರತವನ್ನು ಸೇರಿತು. ತಾಮ್ರದ ಗುಜರಿಯೂ ಇದೇ ಹಾದಿ ಹಿಡಿಯಿತು. ಭಾರತೀಯ ತಯಾರಕರು ಆಕ್ಷೇಪಿಸಿದ ಬಳಿಕ ವನಸ್ಪತಿಗೆ ವಾರ್ಷಿಕ ಮಿತಿ ಬಂದಿತು. ಆ ಅಂತರವನ್ನೇ ನಂಬಿದ್ದ ಉದ್ಯಮ ಕುಸಿಯಿತು.

ಕರ್ನಾಟಕಕ್ಕೆ ಈ ಪ್ರಶ್ನೆ ಕಾಳುಮೆಣಸಿನ ರೂಪದಲ್ಲಿ ಎದುರಾಯಿತು. ವಿಯೆಟ್ನಾಮಿನ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಬೆಳೆಗಾರರು ದೂರಿದರು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಕಿಲೋಗ್ರಾಮಿಗೆ 500 ರೂಪಾಯಿಗಳ ಕನಿಷ್ಠ ಆಮದು ಬೆಲೆಯನ್ನು ಗೊತ್ತುಪಡಿಸಿತು. ಈ ಕ್ರಮ ಅಳೆದದ್ದು ಬೆಲೆಯನ್ನು, ಮೂಲವನ್ನಲ್ಲ. ಹೀಗಾಗಿ ಮಾತಲೆಯ ತೋಟದಲ್ಲಿ ನಿಜವಾಗಿ ಬೆಳೆದ ಮೆಣಸೂ ಅದೇ ಮಿತಿಗೆ ಒಳಪಟ್ಟಿತು.

ಮೂಲದ ಪತ್ರ ವಿಶ್ವಾಸಾರ್ಹತೆ ಕಳೆದುಕೊಂಡಲ್ಲಿ ಗಡಿಯ ಎರಡೂ ಬದಿಯ ಬೆಳೆಗಾರನಿಗೆ ನಷ್ಟ. ಒಪ್ಪಂದದ ಬಲ ಸುಂಕದ ಪಟ್ಟಿಗಿಂತ ಹೆಚ್ಚಾಗಿ ಆ ಪತ್ರದ ಸತ್ಯವನ್ನು ಅವಲಂಬಿಸಿದೆ ಎಂಬುದನ್ನು ಈ ಇತಿಹಾಸ ಸ್ಪಷ್ಟಪಡಿಸುತ್ತದೆ.