ಮಂದೆಯ ಕುರಿ, ಮನೆಯ ಟಗರು

ಗಜೇಂದ್ರಗಡದ ಗುಡ್ಡಸಾಲಿನಿಂದ ಪಡುವಣಕ್ಕೆ ಇಳಿದು, ರೋಣವನ್ನು ದಾಟಿ ನರಗುಂದದ ಕಡೆಗೆ ಸಾಗಿದರೆ ಮಸಾರಿ ನೆಲ ಹಿಂದೆ ಸರಿದು ಎರೆಭೂಮಿ ಎದುರಾಗುತ್ತದೆ. ಈ ಎರಡು ನೆಲಗಳ ನಡುವೆ ಕುರುಬರ ಮಂದೆಗಳು ತಲೆಮಾರುಗಳಿಂದ ಓಡಾಡಿಕೊಂಡಿವೆ. ಮಳೆಗಾಲದ ಎರೆಕೆಸರು ಕುರಿಯ ಗೊರಸಿಗೆ ಒಗ್ಗದು. ಆಗ ಮಂದೆ ಗುಡ್ಡದ ಸೆರಗಿನಲ್ಲಿರುತ್ತದೆ. ಸುಗ್ಗಿ ಮುಗಿದ ಮೇಲೆ ಎರೆಹೊಲಕ್ಕೆ ಇಳಿದು ರಾತ್ರಿ ಅಲ್ಲೇ ತಂಗುತ್ತದೆ. ಹೊಲಕ್ಕೆ ಗೊಬ್ಬರ, ಕುರುಬನಿಗೆ ಜೋಳ; ಇದು ಹಿಂದಿನಿಂದ ಬಂದ ಕೊಡುಕೊಳೆ.

ಇಂಥ ಮನೆತನಗಳಲ್ಲಿ ಸಾಕಣೆಗೆ ಎರಡು ಮುಖಗಳುಂಟು. ಮಂದೆಯ ಕುರಿ ಬದುಕಿಗೆ. ಅದರ ಮರಿ ಸಂತೆಗೆ, ಅಲ್ಲಿಂದ ಕಟುಕನ ಅಂಗಡಿಗೆ. ಮನೆಯ ಬಾಗಿಲಲ್ಲಿ ಕಟ್ಟಿದ ಟಗರಾದರೋ ಮೆರೆಸುವುದಕ್ಕೆ. ಮನೆಮಂದಿ ಉಳಿಸಿದ ಹಾಲು, ನೆನೆಸಿದ ಹುರುಳಿ, ಕಡಲೆ ಎಲ್ಲವೂ ಅದರ ಪಾಲು. ಕೊರಳಿಗೆ ಗೆಜ್ಜೆ, ಹಣೆಗೆ ಭಂಡಾರ. ಜಾತ್ರೆಯ ಕಣದಲ್ಲಿ ಅದನ್ನು ಹಲ್ಲಿನಿಂದ ಗುರುತಿಸುತ್ತಾರೆ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು. ವಯಸ್ಸನ್ನು ಬಾಯಿ ತೆರೆದು ಓದುವ ಈ ಕ್ರಮಕ್ಕೆ ಜನ್ಮಪತ್ರಿಕೆ ಬೇಕಿಲ್ಲ.

ಟಗರಿನ ಮೆರೆತಕ್ಕೆ ಲಿಖಿತ ಇತಿಹಾಸವೂ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ, ಅರಸರ ವಿನೋದಗಳ ಸಾಲಿನಲ್ಲಿ ಟಗರುಗಳ ಕಾಳಗಕ್ಕೂ ಸ್ಥಾನವಿದೆ. ಕಾದಾಡುವ ಟಗರುಗಳ ನಡುವೆ ನೆತ್ತರು ನೆಕ್ಕಲು ಹೋಗಿ ಸತ್ತ ನರಿಯ ಕತೆ ಸಂಸ್ಕೃತ ಪಂಚತಂತ್ರದ ಪರಂಪರೆಗೆ ಸೇರಿದ್ದು. ಆ ಪರಂಪರೆಯ ಇನ್ನೊಂದು ಪಾಠವನ್ನು ೧೦೩೧ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹ ಇದೇ ರೋಣ ಸೀಮೆಯ ಸವಡಿಯವನೆಂಬುದು ನಮಗೆ ಹೆಮ್ಮೆಯ ಸಂಗತಿ. ಆದರೆ ಅರಸನೂ ಕತೆಗಾರನೂ ಕಂಡದ್ದು ಕಣದ ಟಗರನ್ನು. ಅದನ್ನು ಹೆತ್ತ ಕುರಿಯನ್ನಲ್ಲ.

ಆ ಕುರಿ ಯಾವುದು? ಇಂದು ದಖನಿ ಎಂದು ಕರೆಯುವ, ಒರಟು ಕರಿ ಉಣ್ಣೆಯ ತಳಿ. ವರ್ಷಕ್ಕೆ ಎರಡು ಬಾರಿ ಉಣ್ಣೆ ಕತ್ತರಿಸಿ, ನೂತು, ಕಂಬಳಿ ನೇಯುವುದು ಕುರುಬರ ಕಸುಬು. ೧೮೮೪ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಧಾರವಾಡ ಗೆಜೆಟಿಯರೂ ಈ ಕಸುಬನ್ನು ದಾಖಲಿಸಿದೆ. ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಬೀರಪ್ಪನ ಪೂಜೆಯಲ್ಲಿ ಗದ್ದುಗೆ. ಬದುಕಿರುವ ಕುರಿ ವರ್ಷವರ್ಷವೂ ಉಣ್ಣೆ, ಗೊಬ್ಬರ, ಮರಿ ಕೊಡುತ್ತಿದ್ದುದರಿಂದ ಮಾಂಸವೊಂದೇ ಅದರ ಬೆಲೆಯಾಗಿರಲಿಲ್ಲ.

ಈ ಲೆಕ್ಕ ಕಳೆದ ಅರ್ಧ ಶತಮಾನದಲ್ಲಿ ತಲೆಕೆಳಗಾಯಿತು. ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ೧೯೭೦ರ ದಶಕದಲ್ಲಿ ಮಲಪ್ರಭೆಯ ನೀರು ನರಗುಂದದ ಎರೆಗೆ ಹರಿಯಿತು. ಆ ನೀರಿನ ಕರ, ಅಭಿವೃದ್ಧಿ ತೆರಿಗೆಗಳ ಹೊರೆಯೇ ೧೯೮೦ರ ಜುಲೈನ ರೈತ ಬಂಡಾಯಕ್ಕೆ ಕಾರಣವಾದುದು ಎಲ್ಲರಿಗೂ ತಿಳಿದದ್ದು. ಕುರುಬನ ಪಾಡು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಎರಡನೆಯ ಬೆಳೆ ಬಂದ ಹೊಲದಲ್ಲಿ ಮಂದೆಗೆ ಬೀಡು ಬಿಡಲು ಎಡೆಯಿಲ್ಲ. ಚೀಲದ ಗೊಬ್ಬರ ಬಂದ ಮೇಲೆ ಹಿಕ್ಕೆಗೆ ಮೊದಲಿನ ಬೆಲೆಯಿಲ್ಲ. ಗಿರಣಿಯ ಅಗ್ಗದ ಹೊದಿಕೆಯೆದುರು ಕಂಬಳಿ ಸೋತಿತು. ಉಳಿದದ್ದು ಮಾಂಸದ ಬೆಲೆ.

ಅಮೀನಗಡದಂಥ ದೊಡ್ಡ ಕುರಿಸಂತೆಯಲ್ಲಿ ವ್ಯಾಪಾರಿ ಬೆನ್ನು ತಡವಿ ನೋಡುತ್ತಾನೆ; ಉಣ್ಣೆಯನ್ನು ಕೇಳುವವರು ವಿರಳ. ಹೀಗಾಗಿ ಉಣ್ಣೆಯಿಲ್ಲದ, ಬೇಗ ಮೈತುಂಬುವ ಯಳಗ, ಕೆಂಗುರಿಗಳು ಕರಿಕುರಿಯ ಜಾಗಕ್ಕೆ ಬಂದವು. ೨೦೧೨ರ ಜಾನುವಾರು ಗಣತಿಯಲ್ಲಿ ಸುಮಾರು ೯೬ ಲಕ್ಷವಿದ್ದ ಕರ್ನಾಟಕದ ಕುರಿಗಳು ೨೦೧೯ರಲ್ಲಿ ೧ ಕೋಟಿ ೧೧ ಲಕ್ಷವಾದವು. ಸರಿಸುಮಾರು ಅದೇ ಕಾಲದಲ್ಲಿ ದೇಶದ ಉಣ್ಣೆಯ ಉತ್ಪನ್ನ ಇಳಿಯಿತು. ಕುರಿ ಹೆಚ್ಚಿತು, ಕಂಬಳಿ ಕುಗ್ಗಿತು.

ಈಗ ಬಾಗಿಲ ಟಗರಿನ ಮಾತು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು ೧೯೬೦ರ ಕಾಯಿದೆಯಂತೆ ಅಪರಾಧ. ಕರ್ನಾಟಕವು ೨೦೧೭ರಲ್ಲಿ ಮಾಡಿದ ತಿದ್ದುಪಡಿ ಕಂಬಳಕ್ಕೂ ಎತ್ತಿನ ಓಟಕ್ಕೂ ವಿನಾಯಿತಿ ಕೊಟ್ಟಿತೇ ಹೊರತು ಟಗರಿನ ಕಾಳಗಕ್ಕಲ್ಲ. ನೆತ್ತಿ ಒಡೆದುಕೊಳ್ಳುವ ಮೂಕಪ್ರಾಣಿಯನ್ನು ಕಂಡವರಿಗೆ ಆ ಕಾನೂನಿನ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಆದರೂ ಆ ಟಗರನ್ನು ಆರಿಸುವುದರ ಹಿಂದೆ ಒಂದು ವಿದ್ಯೆಯಿದೆ. ಹಣೆಯ ಅಗಲ, ಕತ್ತಿನ ದಪ್ಪ, ಕೊಂಬಿನ ಸುತ್ತು ಇವನ್ನು ನೋಡುವವನು ‘ಇದು ಯಾವ ತಾಯಿಯ ಮರಿ?’ ಎಂದೂ ಕೇಳುತ್ತಾನೆ. ನೂರಾರು ಕುರಿಗಳ ವಂಶಾವಳಿ ಆ ಪ್ರಶ್ನೆಯ ಉತ್ತರದಲ್ಲಿ ಅಡಗಿದೆ. ಅದು ಯಾವ ಕಡತದಲ್ಲೂ ಇಲ್ಲ, ಕಾಯುವವರ ನೆನಪಿನಲ್ಲಿದೆ. ಮರಿಗಳೆಲ್ಲ ನಾಲ್ಕಾರು ತಿಂಗಳಲ್ಲೇ ಸಂತೆಗೆ ಹೋಗುವ ಮನೆಯಲ್ಲಿ ಆ ನೆನಪಿಗೆ ಕೆಲಸವಿರುವುದಿಲ್ಲ.

ಆದ್ದರಿಂದ ಕಾಳಗದ ಕಣ ಮುಚ್ಚಿದಲ್ಲಿ ಪ್ರದರ್ಶನದ ಕಣ ತೆರೆಯುವುದು ಯೋಗ್ಯ. ಜಾನುವಾರು ಜಾತ್ರೆಗಳಲ್ಲಿ ಟಗರಿನ ಪಕ್ಕದಲ್ಲಿ ಅದರ ತಾಯಿಯನ್ನೂ, ಕರಿಯುಣ್ಣೆಯ ಕುರಿಯನ್ನೂ ನಿಲ್ಲಿಸಿ, ಸಾಕಿದ ಮನೆತನಕ್ಕೆ ಬಹುಮಾನ ಕೊಡಲಿ. ಚಾಲುಕ್ಯ ಚಕ್ರವರ್ತಿ ಗೆದ್ದ ಟಗರಿಗೆ ತನ್ನ ಗ್ರಂಥದಲ್ಲಿ ಎಡೆ ಕೊಟ್ಟ. ಹೆತ್ತ ಕುರಿಗೆ ಎಡೆ ಕೊಡುವ ಕೆಲಸ ಒಂಬೈನೂರು ವರ್ಷಗಳ ಮೇಲೂ ನಮಗೇ ಉಳಿದಿದೆ.